ಡೂನ್ ಏಂಗಸ್ ಕೋಟೆ: ಹಿರಿಯರನ್ನೂ ಮಗುವನ್ನೂ ಕರೆದೊಯ್ಯಬಹುದೇ? ಗೋಡೆಗಳಲ್ಲಿ ಹಳೆಯದು ಯಾವುದು?

ಪಡುಗಾಳಿ:
ಡಬ್ಲಿನ್‌ನಲ್ಲಿದ್ದೇವೆ. ಊರಿಂದ ಬಂದಿರುವ ಅಪ್ಪ ಅಮ್ಮ (ಇಬ್ಬರೂ ಅರವತ್ತೈದು ದಾಟಿದವರು) ಮತ್ತು ಮೂರು ವರ್ಷದ ಮಗಳ ಜೊತೆ ಐರ್ಲೆಂಡಿನ ಪಶ್ಚಿಮ ಕಡಲಿನ ಅರಾನ್ ದ್ವೀಪಗಳಲ್ಲೊಂದಾದ ಇನಿಶ್ ಮೋರ್‌ಗೆ ಹೋಗಿ ಡೂನ್ ಏಂಗಸ್ ನೋಡಬೇಕೆಂದಿದ್ದೇವೆ. ದೋಣಿ ಇಳಿದ ಮೇಲೆ ಕೋಟೆಗೆ ಹೇಗೆ ಹೋಗುವುದು? ಹಿರಿಯರ ಮಂಡಿಗೆ ಆ ಏರು ಆದೀತೇ? ಈಗ ಕಾಣುವ ಗೋಡೆಗಳಲ್ಲಿ ನಿಜಕ್ಕೂ ಇತಿಹಾಸಪೂರ್ವ ಕಾಲದ್ದು ಎಷ್ಟು? ಡ್ರೋನ್ ಹಾರಿಸಬಹುದೇ? ತಿಳಿದವರು ಹೇಳಿ.

ದಕ್ಕೆಯವ:
ರೊಸಾವೀಲ್ ಬಂದರಿನಿಂದ ದೋಣಿಗೆ ಸುಮಾರು 40 ನಿಮಿಷ. ಇಳಿಯುವುದು ಕಿಲ್‌ರೋನನ್‌ನಲ್ಲಿ, ಕೋಟೆ ಅಲ್ಲಿಂದ ಪಶ್ಚಿಮಕ್ಕೆ ಸುಮಾರು 7 ಕಿ.ಮೀ. ಬಾಡಿಗೆ ಸೈಕಲ್, ಮಿನಿಬಸ್, ಕುದುರೆಗಾಡಿ ಮೂರೂ ದಕ್ಕೆಯ ಬಳಿಯೇ ಸಿಗುತ್ತವೆ. ನಿಮಗೆ ಮಿನಿಬಸ್ಸೇ ಸರಿ. ಹತ್ತುವ ಮೊದಲೇ ಕೋಟೆಯ ಹತ್ತಿರ ಎಷ್ಟು ಹೊತ್ತು ನಿಲ್ಲಿಸುತ್ತಾರೆ ಎಂದು ಚಾಲಕರನ್ನು ಕೇಳಿಕೊಳ್ಳಿ. ಹಿರಿಯರಿದ್ದಾಗ ಎರಡು ಗಂಟೆಗಿಂತ ಕಡಿಮೆಯಾದರೆ ಸಾಲದು.

ಗಾಡಿ ಹೋಗುವುದು ಕಿಲ್‌ಮರ್ವಿಯ ಸಂದರ್ಶಕರ ಕೇಂದ್ರದವರೆಗೆ ಮಾತ್ರ. ಅಲ್ಲಿಂದ ಒಂದು ಕಿ.ಮೀ.ಗೆ ಸ್ವಲ್ಪ ಕಡಿಮೆ ಏರುಹಾದಿ. ಮೊದಲ ಭಾಗ ಸಲೀಸು. ಕೊನೆಯಲ್ಲಿ ಬರೀ ಬಂಡೆ, ಎತ್ತರ ತಗ್ಗಿನ ಮೆಟ್ಟಿಲಿನಂತೆ. ಗಟ್ಟಿಮುಟ್ಟಾದವರಿಗೆ 20 ನಿಮಿಷ, ನಿಮ್ಮವರಿಗೆ 40 ಎಂದಿಟ್ಟುಕೊಳ್ಳಿ. ಮಂಡಿನೋವಿದ್ದರೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಊರುಗೋಲು ಇರಲಿ. ಜನ ನಡೆದು ನಡೆದು ಸುಣ್ಣದಕಲ್ಲು ನುಣುಪಾಗಿದೆ, ಮಳೆ ಬಿದ್ದರೆ ಚಪ್ಪಲಿ ನಿಲ್ಲುವುದಿಲ್ಲ. ತಳ್ಳುಗಾಡಿ ಒಯ್ಯಬೇಡಿ, ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಚೀಲ ಬೇಕು. ಶೌಚಾಲಯ ಕೆಳಗಷ್ಟೇ ಇರುವುದು. ಮೇಲೆ ನೆರಳಾಗಲಿ ನೀರಾಗಲಿ ಸಿಗದು.

ಎಲ್ಲಕ್ಕಿಂತ ಮುಖ್ಯ: ಒಳಕೋಟೆಯ (ಸಾಲುಗೋಡೆಗಳಲ್ಲಿ ತೀರಾ ಒಳಗಿನದರ ಆವರಣ) ಕಡಲಿನ ಬದಿಯಲ್ಲಿ ಗೋಡೆಯೂ ಇಲ್ಲ, ಬೇಲಿಯೂ ಇಲ್ಲ. ಸುಮಾರು ನೂರು ಮೀಟರ್ ನೇರ ಕೆಳಗೆ ಅಟ್ಲಾಂಟಿಕ್. ಅಲ್ಲಿನ ಸುಣ್ಣದಕಲ್ಲು ಪದರ ಪದರವಾಗಿ ಅಡ್ಡಕ್ಕೆ ಮಲಗಿದೆ, ನಡುವೆ ಲಂಬವಾದ ಬಿರುಕುಗಳಿವೆ. ಅಲೆಗಳು ಬುಡ ಕೊರೆದಂತೆ ಮೇಲಿನ ಪದರ ಆಸರೆ ಕಳೆದುಕೊಂಡು ತುಂಡಾಗಿ ಬೀಳುತ್ತದೆ. ಮೇಲೆ ನಿಂತವರಿಗೆ ಕಾಲಡಿ ಟೊಳ್ಳಾಗಿರುವುದು ಗೊತ್ತಾಗುವುದಿಲ್ಲ. ಹೊಟ್ಟೆಯ ಮೇಲೆ ಮಲಗಿ ಇಣುಕಿದರೂ ಆ ಅಪಾಯ ತಪ್ಪದು. ಅಂಚಿನಿಂದ ಕನಿಷ್ಠ ಐದು ಮೀಟರ್ ದೂರವಿರಿ, ಮಗುವಿನ ಕೈ ಬಿಡಬೇಡಿ. ಜೋರು ಗಾಳಿಯಿದ್ದ ದಿನ ಗೋಡೆಯ ಮರೆಯಿಂದ ಹೊರಬಂದ ಕ್ಷಣಕ್ಕೇ ಗಾಳಿ ತಳ್ಳುತ್ತದೆ.

ಬಂಡೆಸಂದು:
ಗೋಡೆಗಳ ಬಗ್ಗೆ ನಾನು ಹೇಳುತ್ತೇನೆ. ಬಹಳ ಮಂದಿ ಒಳಕೋಟೆಗೆ ನುಗ್ಗಿ ಕಡಲು ನೋಡಿ ಬಂದುಬಿಡುತ್ತಾರೆ. ನೋಡಬೇಕಾದ್ದು ಅದಕ್ಕೆ ಮೊದಲೇ ಇದೆ.

1990ರ ದಶಕದ ಉತ್ಖನನದಿಂದ ತಿಳಿದಂತೆ ಇಲ್ಲಿ ಮೊದಲು ಗೋಡೆ ಕಟ್ಟಿದ್ದು ಕ್ರಿ.ಪೂ. 1100ರ ಸುಮಾರಿಗೆ. ಕ್ರಿ.ಪೂ. 800ರ ಆಸುಪಾಸಿನಲ್ಲಿ ಇದು ದೊಡ್ಡ ನೆಲೆಯಾಗಿತ್ತು. ಒಳಗೆ ಮನೆಗಳ ಅಡಿಪಾಯ, ಒಲೆ, ಮಡಕೆ ಚೂರುಗಳ ಜೊತೆಗೆ ಕಂಚು ಎರಕ ಹೊಯ್ಯುವ ಮಣ್ಣಿನ ಅಚ್ಚುಗಳೂ ಸಿಕ್ಕಿವೆ. ಆದರೆ ಈಗ ಕಾಣುವ ಎತ್ತರದ ಗೋಡೆಗಳ ಬಹುಭಾಗ ಅಷ್ಟು ಹಳೆಯದಲ್ಲ. ಕ್ರಿ.ಶ. ಮೊದಲ ಸಹಸ್ರಮಾನದ ನಡುವೆ ಮತ್ತೆ ಕಟ್ಟಿ ದಪ್ಪ ಮಾಡಿದ್ದಾರೆ, 1880ರ ದಶಕದಲ್ಲಿ ಸರ್ಕಾರವೇ ಜೀರ್ಣೋದ್ಧಾರ ಮಾಡಿಸಿದೆ. ಗೋಡೆಗೆ ಒತ್ತಿಕೊಂಡಂತೆ ಹೊರಗೆ ಚಾಚಿದ ಆಸರೆಕಟ್ಟುಗಳು ಕಂಡರೆ ಅವು ಆ ದುರಸ್ತಿಯವು, ಪ್ರಾಚೀನ ಎಂದುಕೊಂಡು ಮೋಸಹೋಗಬೇಡಿ.

ನನ್ನ ಪ್ರಕಾರ ಇಡೀ ಜಾಗದ ಜೀವಾಳ ನಡುಗೋಡೆಯ ಹೊರಗಿರುವ ಕಲ್ಲುಮುಳ್ಳಿನ ಪಟ್ಟಿ. ಬಂಡೆಯ ಸಂದುಗಳಲ್ಲಿ ಸಾವಿರಾರು ಚೂಪುಗಲ್ಲುಗಳನ್ನು ಓರೆಕೋರೆಯಾಗಿ ನೆಟ್ಟಿದ್ದಾರೆ, ಕೆಲವು ಎದೆಮಟ್ಟಕ್ಕೂ ಹೆಚ್ಚು. ಓಡಿಬಂದು ಮುತ್ತುವುದು ಅಲ್ಲಿ ಸಾಧ್ಯವೇ ಇಲ್ಲ. ದಾರಿ ಬಿಟ್ಟು ಅದರೊಳಗೆ ಕಾಲಿಡಬೇಡಿ. ನೆಟ್ಟ ಕಲ್ಲನ್ನು ಸಂದಿನಲ್ಲಿ ಬಿಗಿಹಿಡಿದಿರುವುದು ಬುಡದ ಚಕ್ಕೆಗಳು, ಅವು ಸಡಿಲಾದರೆ ಕಲ್ಲು ವಾಲುತ್ತದೆ.

ಒಳಗೋಡೆಯನ್ನು ಒಳಬದಿಯಿಂದ ನೋಡಿ: ಮೆಟ್ಟಿಲು ಮೆಟ್ಟಿಲಾದ ಜಗಲಿಗಳಿವೆ. ಗಾರೆ ಎಲ್ಲೂ ಬಳಸಿಲ್ಲ. ಪ್ರತಿ ಕಲ್ಲೂ ಕೆಳಗಿನ ಎರಡರ ಮೇಲೆ ಕೂತು, ಸಂದಿಗೆ ಚಕ್ಕೆ ಬಿಗಿದು, ತನ್ನ ಭಾರದಿಂದಲೇ ನಿಂತಿದೆ. ನೆನಪಿಗೆಂದು ಒಂದು ಚಕ್ಕೆ ಕಿತ್ತರೂ ಮೇಲಿನ ಕಲ್ಲಿನ ಭಾರ ಒಂದೇ ಬದಿಗೆ ಬೀಳುತ್ತದೆ. ಚಳಿಗಾಲದ ಮಳೆಗಾಳಿಗೆ ಅಲ್ಲಿಂದಲೇ ಉಬ್ಬು ಶುರು. ಜಗಲಿ ಹತ್ತಿ ಫೋಟೊ ತೆಗೆಯುವವರು ಮಾಡುವುದೂ ಇದೇ ಕೆಲಸ. ಬಿದ್ದ ಕಲ್ಲುಗಳನ್ನು ಗೋಪುರವಾಗಿ ಪೇರಿಸುವ ಗೀಳನ್ನಂತೂ ದಯವಿಟ್ಟು ಬಿಡಿ. ಕಲ್ಲು ಎಲ್ಲಿ ಬಿತ್ತು ಎನ್ನುವುದರಲ್ಲೇ ಗೋಡೆ ಹೇಗೆ ಕುಸಿಯಿತೆಂಬ ಸುಳಿವು ಇರುತ್ತದೆ.

ಪಡುಗಾಳಿ:
ತುಂಬಾ ಧನ್ಯವಾದಗಳು, ಇಬ್ಬರಿಗೂ. ನಮ್ಮ ಭಾರತದಲ್ಲಿ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದಿಂದ ಕಟ್ಟಡ ಕಟ್ಟಲು 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂಬ ಲೆಕ್ಕ ಇದೆಯಲ್ಲ, ಅಲ್ಲೂ ಹಾಗೆಯೇ? ಡ್ರೋನ್ ವಿಷಯ ಉಳಿಯಿತು.

ಕಾಯ್ದೆಪುಟ:
ಐರ್ಲೆಂಡಿನಲ್ಲಿ ಹಾಗೆ ಮೀಟರ್ ಲೆಕ್ಕದ ಒಂದೇ ಗೆರೆ ಇಲ್ಲ. ಡೂನ್ ಏಂಗಸ್ ಸರ್ಕಾರದ ಸುಪರ್ದಿನಲ್ಲಿರುವ ರಾಷ್ಟ್ರೀಯ ಸ್ಮಾರಕ. 1930ರ ಕಾಯ್ದೆ ಮತ್ತು ಅದರ ತಿದ್ದುಪಡಿಗಳಂತೆ ಇಂಥ ಕಡೆ ಅಗೆಯಲು, ಕೆಡಿಸಲು, ಬದಲಾಯಿಸಲು ಸಚಿವರ ಒಪ್ಪಿಗೆ ಬೇಕು. 2023ರ ಹೊಸ ಕಾಯ್ದೆ ಇದರ ಜಾಗಕ್ಕೆ ಹಂತಹಂತವಾಗಿ ಬರುತ್ತಿದೆ. ಅನುಮತಿಯಿಲ್ಲದೆ ಲೋಹಶೋಧಕ ಬಳಸುವುದು ಅಪರಾಧ, 1987ರಿಂದಲೂ. ನೆಲದಲ್ಲಿ ಹಳೆಯ ವಸ್ತು ಕಣ್ಣಿಗೆ ಬಿದ್ದರೆ ಎತ್ತಬೇಡಿ. ಇದ್ದಲ್ಲೇ ಫೋಟೊ ತೆಗೆದು ಸಂದರ್ಶಕರ ಕೇಂದ್ರದ ಸಿಬ್ಬಂದಿಗೆ ತೋರಿಸಿ. 1994ರ ತಿದ್ದುಪಡಿಯಲ್ಲಿ ಸಿಕ್ಕಿದ್ದನ್ನು ವರದಿ ಮಾಡಲು ಕೊಟ್ಟ ಗಡುವು 96 ಗಂಟೆ.

ಡ್ರೋನ್: ತಾಣ ನೋಡಿಕೊಳ್ಳುವ ಲೋಕೋಪಯೋಗಿ ಕಚೇರಿಯ ಮುಂಗಡ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಕ್ಯಾಮೆರಾ ಇರುವ ಡ್ರೋನ್ ಆದರೆ ವಿಮಾನಯಾನ ಪ್ರಾಧಿಕಾರದಲ್ಲಿ ನೋಂದಣಿಯೂ ಬೇಕು. ಕಡಲಂಚಿನ ಗಾಳಿ ಬಂಡೆಗೆ ಬಡಿದು ಮೇಲಕ್ಕೆ ಚಿಮ್ಮುವುದರಿಂದ ಡ್ರೋನ್ ಹಿಡಿತ ತಪ್ಪುತ್ತದೆ. ಬಂಡೆಗೂಡುಗಳಲ್ಲಿ ಕಡಲಹಕ್ಕಿಗಳೂ ಇರುತ್ತವೆ. ಮನೆಯಲ್ಲೇ ಬಿಟ್ಟು ಹೋಗಿ.

ದಕ್ಕೆಯವ:
ಒಂದು ಮಾತು ಬಿಟ್ಟಿದ್ದೆ. ಕಡಲು ಒರಟಾಗಿದ್ದರೆ ದೋಣಿ ರದ್ದಾಗುತ್ತದೆ, ಹಿಂದಿನ ಸಂಜೆಯೇ ವಿಚಾರಿಸಿ. ಅಪ್ಪ ಅಮ್ಮನಿಗೆ ಕೊನೆಯ ಬಂಡೆಹಾದಿ ಆಗದಿದ್ದರೆ ಕಿಲ್‌ಮರ್ವಿಯ ಮರಳು ದಂಡೆ ಹತ್ತಿರವೇ ಇದೆ. ಒಬ್ಬರು ಅವರೊಡನೆ ಅಲ್ಲಿ ಕೂರಲಿ, ಇನ್ನೊಬ್ಬರು ಹೋಗಿಬಂದು ಸರದಿ ಬದಲಾಯಿಸಿಕೊಳ್ಳಿ.