ರೆಡಿಸ್ ದತ್ತಾಂಶ: ಕರೆಂಟ್ ಹೋದರೂ ಉಳಿಯಬೇಕು

ಪ್ರಶ್ನೆ (ಜಯನಗರ, ಬೆಂಗಳೂರು):
ಅಂಗಡಿಯ ಆರ್ಡರ್‌ಗಳ ಸರದಿಯನ್ನು ರೆಡಿಸ್‌ನಲ್ಲಿ (ದತ್ತಾಂಶವನ್ನು ಮೆಮೊರಿಯಲ್ಲಿ ಇಡುವ ಡೇಟಾಬೇಸ್) ಇಟ್ಟಿದ್ದೇವೆ. ನಿನ್ನೆ ಸಂಜೆ ಮಳೆಗೆ ಕರೆಂಟ್ ಹೋಗಿ, ಯುಪಿಎಸ್ ಕೂಡ ಕೈಕೊಟ್ಟು ಸರ್ವರ್ ನಿಂತಾಗ, ಕೊನೆಯ ನಾಲ್ಕು ನಿಮಿಷಗಳ ಆರ್ಡರ್‌ಗಳು ಅಳಿಸಿಹೋದವು. ಆರ್‌ಡಿಬಿ (ಆಗಾಗ ಇಡೀ ದತ್ತಾಂಶದ ಚಿತ್ರವನ್ನು ಡಿಸ್ಕ್‌ಗೆ ಉಳಿಸುವ ವಿಧಾನ) ಮಾತ್ರ ಚಾಲೂ ಇದೆ. ಏನು ಮಾಡಬೇಕು?

ಉತ್ತರ 1:
ಆರ್‌ಡಿಬಿ ಒಂದು ಕ್ಷಣದ ಪೂರ್ಣ ಚಿತ್ರವಾದ್ದರಿಂದ, ಎರಡು ಚಿತ್ರಗಳ ನಡುವೆ ಬರೆದದ್ದಕ್ಕೆ ರಕ್ಷಣೆಯಿಲ್ಲ. ಎಒಎಫ್ (ಪ್ರತಿ ಬದಲಾವಣೆಯನ್ನೂ ಫೈಲಿನಲ್ಲಿ ದಾಖಲಿಸುವ ವಿಧಾನ) ಚಾಲೂ ಮಾಡಿ, ಸೆಕೆಂಡಿಗೊಮ್ಮೆ ಡಿಸ್ಕ್‌ಗೆ ಉಳಿಸುವ ‘ಎವ್ರಿಸೆಕ್’ ಆಯ್ಕೆಯನ್ನು ಇಟ್ಟುಕೊಂಡರೆ ಸಾಮಾನ್ಯವಾಗಿ ಸುಮಾರು 1 ಸೆಕೆಂಡಿನ ಬರಹವಷ್ಟೇ ಹೋಗಬಹುದು. ದಯವಿಟ್ಟು ಒಂದು ಎಚ್ಚರಿಕೆ: ಕಾನ್ಫಿಗ್ ಫೈಲ್ ತಿದ್ದಿ ನೇರವಾಗಿ ರೀಸ್ಟಾರ್ಟ್ ಮಾಡಿದರೆ ರೆಡಿಸ್ ಖಾಲಿ ಎಒಎಫ್‌ನಿಂದ ಆರಂಭವಾಗುತ್ತದೆ; ಮೊದಲು ಓಡುತ್ತಿರುವ ಸರ್ವರ್‌ನಲ್ಲೇ ಸೆಟ್ಟಿಂಗ್ ಬದಲಿಸುವ ‘ಕಾನ್ಫಿಗ್ ಸೆಟ್’ ಆದೇಶದಿಂದ ಎಒಎಫ್ ಚಾಲೂ ಮಾಡಿ, ಎಒಎಫ್ ಪೂರ್ತಿ ಬರೆದಾದ ಮೇಲೆ ಫೈಲ್ ತಿದ್ದಿ.

ಉತ್ತರ 2:
ಎಒಎಫ್ ಬ್ಯಾಕಪ್ ಅಲ್ಲ. ಯಾರಾದರೂ ತಪ್ಪಿ ‘ಫ್ಲಶ್‌ಆಲ್’ (ಎಲ್ಲ ದತ್ತಾಂಶವನ್ನೂ ಅಳಿಸುವ ಆದೇಶ) ಕೊಟ್ಟರೆ ಅದೂ ಅದರಲ್ಲಿ ದಾಖಲಾಗುತ್ತದೆ. ಆದ್ದರಿಂದ ಗಂಟೆಗೊಮ್ಮೆ ಆರ್‌ಡಿಬಿ ಫೈಲನ್ನು ಬೇರೆ ಯಂತ್ರಕ್ಕೆ ನಕಲಿಸಿ. ಹೊಸ ಚಿತ್ರವನ್ನು ತಾತ್ಕಾಲಿಕ ಫೈಲಿನಲ್ಲಿ ಬರೆದು ಕೊನೆಗೆ ಹೆಸರು ಬದಲಿಸುವುದರಿಂದ, ಸರ್ವರ್ ಓಡುತ್ತಿರುವಾಗಲೂ ನಕಲು ಸುರಕ್ಷಿತ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಇಂದು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಎರಡನ್ನೂ ಮಾಡುತ್ತೇನೆ.