ಪದ ಬೇಕು, ತುರ್ತು: ಮುಂಗೈಯ ‘ರೇಡಿಯಸ್’ ಮೂಳೆಗೆ ಏನನ್ನೋಣ?

ಗೆಳೆಯರೇ,
ಮೂಳೆ ಸವೆತದ ಅಧ್ಯಯನವೊಂದರ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಕೊಡಬೇಕು. ಮುಂಗೈಯನ್ನು ಡೆಕ್ಸಾ ಸ್ಕ್ಯಾನ್ ಮಾಡಿ ರೇಡಿಯಸ್ಸಿನ ಸಾಂದ್ರತೆ ಅಳೆಯುತ್ತಾರೆ. ‘ಡಿಸ್ಟಲ್ ರೇಡಿಯಸ್’ ಅಂತ ಅನುವಾದ ಯಂತ್ರಕ್ಕೆ ಕೊಟ್ಟರೆ ‘ದೂರದ ತ್ರಿಜ್ಯ’ ಅಂತ ಬಂತು! ಓದುವವರು ಅರವತ್ತು ದಾಟಿದ ಹೆಂಗಸರು.

---
ಬಹಿಃಪ್ರಕೋಷ್ಠಾಸ್ಥಿ. ಇರುವ ಪದ ಬಿಟ್ಟು ಹೊಸದೇಕೆ?

---
> ಬಹಿಃಪ್ರಕೋಷ್ಠಾಸ್ಥಿ

ಅಜ್ಜಿಯರ ಮುಂದೆ ಇದನ್ನು ಓದಿ, ಹಲ್ಲೂ ಮುರಿದೀತು.
ಲ್ಯಾಟಿನ್ನಿನಲ್ಲಿ ರೇಡಿಯಸ್ ಅಂದರೆ ಗಾಲಿಯ ಅರ. ವೃತ್ತದ ತ್ರಿಜ್ಯಕ್ಕೂ ಅದೇ ಪದ, ಯಂತ್ರ ಎಡವಿದ್ದು ಅಲ್ಲೇ. ಜರ್ಮನ್ನರು ಇವತ್ತಿಗೂ ಸೈಕಲ್ ಕಡ್ಡಿಗೂ ಈ ಮೂಳೆಗೂ ‘ಷ್ಪೈಖೆ’ ಅಂತಲೇ ಅನ್ನುತ್ತಾರೆ. ಮುಂಗೈಯಲ್ಲಿ ಇದರ ಪಕ್ಕದ ಮೂಳೆ ಅಲ್ನಾ; ಆ ಪದಕ್ಕೆ ಅರ್ಥ ಮೊಣಕೈ, ಜೊತೆಗೆ ನಮ್ಮ ಮೊಳದಂಥ ಅಳತೆ. ಹಾಗಾಗಿ ಅರಮೂಳೆ, ಮೊಳಮೂಳೆ. ಎಷ್ಟು ಚೆನ್ನಾಗಿದೆ ಅಲ್ವಾ?

---
> ಅರಮೂಳೆ

ಗಾಲಿಯ ‘ಅರ’ ಸಂಸ್ಕೃತ, ಸ್ವಾಮಿ. ನಮ್ಮ ‘ಅರ’ ಗರಗಸದ ಹಲ್ಲು ಮಸೆಯುವುದು. ಮೂಳೆಯನ್ನು ಅರದಿಂದ ಉಜ್ಜುತ್ತಾರೆ ಅಂದುಕೊಂಡು ಒಬ್ಬರೂ ಸಹಿ ಹಾಕುವುದಿಲ್ಲ. ಕಡ್ಡಿಮೂಳೆ ಅನ್ನಿ.

---
ಸಂಸ್ಕೃತದಿಂದ ಬಂದರೆ ಮೈಲಿಗೆ, ‘ಸ್ಕ್ಯಾನ್’ ಬಂದರೆ ಮಡಿಯೋ? ಅದಕ್ಕೂ ಒಂದು ಅಚ್ಚಗನ್ನಡ ಹುಡುಕಿಕೊಡಿ ನೋಡೋಣ.

---
ಸುಮ್ನೆ ಜಗಳ ಯಾಕೆ? ನಾನು ಫಿಸಿಯೋಥೆರಪಿಸ್ಟ್. ದಿನಾ ಹೇಳುವುದು ‘ಹೆಬ್ಬೆರಳ ಕಡೆಯ ಮೂಳೆ’ ಅಂತ. ಅಂಗೈ ಮೇಲಾಗಿ ಕೈಯನ್ನು ಮೇಜಿನ ಮೇಲಿಟ್ಟು, ಹಾಗೇ ಮಗುಚಿ. ಅಲ್ನಾ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ರೇಡಿಯಸ್ ಅದನ್ನು ದಾಟಿ ಅಡ್ಡ ಬರುತ್ತದೆ. ಇನ್ನೊಂದು ಕೈಯಿಂದ ಮುಟ್ಟಿಕೊಂಡರೆ ಗೊತ್ತಾಗುತ್ತದೆ. ಜಾರಿ ಬಿದ್ದು ಕೈ ಊರಿದಾಗ ಮಣಿಕಟ್ಟಿನ ಹತ್ತಿರ ಜಾಸ್ತಿ ಮುರಿಯುವುದೂ ಇದೇ. ಎಕ್ಸ್‌ರೇ ಬಂದದ್ದು 1895ರಲ್ಲಿ. ಡಬ್ಲಿನ್ನಿನ ಅಬ್ರಹಾಂ ಕಾಲಿಸ್ ಈ ಮುರಿತದ ಬಗ್ಗೆ 1814ರಲ್ಲೇ ಬರೆದಿದ್ದ, ಬರೀ ಕೈಯಿಂದ ಮುಟ್ಟಿ ನೋಡಿ. ಇನ್ನು ನಿಮ್ಮ ‘ಡಿಸ್ಟಲ್’: ದೂರವೂ ಬೇಡ, ದೂರಸ್ಥವೂ ಬೇಡ. ‘ಮಣಿಕಟ್ಟಿನ ಹತ್ತಿರದ ತುದಿ’ ಅಂದರೆ ಆಯಿತು.

---
ಹೀಗೆ ಬರೆದೆ: ‘ಮುಂಗೈಯಲ್ಲಿ ಹೆಬ್ಬೆರಳ ಕಡೆಗಿರುವ ರೇಡಿಯಸ್ ಮೂಳೆ, ಮಣಿಕಟ್ಟಿನ ಹತ್ತಿರದ ತುದಿ’. ಪಕ್ಕದಲ್ಲಿ ಕೈಯ ಚಿತ್ರವನ್ನೂ ಹಾಕಿದೆ. ಕಳಿಸಿಯೂ ಆಯಿತು. ಎಲ್ಲರಿಗೂ ವಂದನೆ.

---
ಕಳಿಸುವ ಮುಂಚೆ ಒಂದು ಮಾತು ಕೇಳಬಾರದಿತ್ತೇ? ಹುಬ್ಬಳ್ಳಿ ಕಡೆ ಮೂಳೆ ಅನ್ನುವುದಿಲ್ಲ, ಎಲುಬು.