ಅಬಕಾರಿ ಸಬ್ ಇನ್‌ಸ್ಪೆಕ್ಟರ್ ಕೆಲಸಕ್ಕೆ ಸೇರಲಾ? ಮಾಡಿದವರು ದಯವಿಟ್ಟು ಹೇಳಿ

ಎಲ್ಲರಿಗೂ ನಮಸ್ಕಾರ. ನನಗೆ 26 ವರ್ಷ. ಅರಸೀಕೆರೆ ಕಡೆಯ ಹಳ್ಳಿ. ಬಿ.ಎಸ್‌ಸಿ ಮುಗಿಸಿ ಮೂರು ವರ್ಷದಿಂದ ಪರೀಕ್ಷೆ ಬರೆಯುತ್ತಿದ್ದೇನೆ. ಈಗ ಅಬಕಾರಿ ಉಪ ನಿರೀಕ್ಷಕರ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದಿದೆ. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪಟ್ಟಿಯಲ್ಲೂ ಇದೆ. ನನಗೆ ಅಬಕಾರಿಗೇ ಹೋಗುವ ಆಸೆ. ಅಪ್ಪನಿಗೆ ಸುತಾರಾಂ ಇಷ್ಟವಿಲ್ಲ. ನಮ್ಮ ಚಿಕ್ಕಪ್ಪ ಕುಡಿತದಿಂದಲೇ ಹೋದರು. "ಕುಡಿಸೋ ಇಲಾಖೆಗೆ ನನ್ನ ಮಗಳನ್ನ ಕಳಿಸಲ್ಲ" ಅಂತ ಕೂತಿದ್ದಾರೆ. ಅಮ್ಮನಿಗೆ ರಾತ್ರಿ ರೇಡ್ ಅಂದರೆ ಭಯ. ಕೆಲಸ ನಿಜಕ್ಕೂ ಹೇಗಿರುತ್ತದೆ? ಹೆಣ್ಣುಮಕ್ಕಳಿಗೆ ಆಗುತ್ತದಾ? ಮರ್ಯಾದೆಯಿಂದ ಮಾಡಬಹುದಾ? ಇರುವುದನ್ನು ಇರುವ ಹಾಗೆ ಹೇಳಿ.

ನಿವೃತ್ತ ಅಬಕಾರಿ ನಿರೀಕ್ಷಕ, 31 ವರ್ಷ ಸೇವೆ

ಮಗಳೇ, ಮೊದಲು ನಿನ್ನ ಅಪ್ಪನ ಮಾತಿಗೆ ಬರುತ್ತೇನೆ. ಅದನ್ನು ತಳ್ಳಿಹಾಕಬೇಡ. ಅಬಕಾರಿ ಇಲಾಖೆ ಇರುವುದು ಹಣಕಾಸು ಇಲಾಖೆಯ ಕೆಳಗೆ. ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಜಾಸ್ತಿ ಹಣ ರಾಜ್ಯದ ಖಜಾನೆಗೆ ಇಲ್ಲಿಂದ ಹೋಗುತ್ತದೆ. ಆದಾಯದ ಗುರಿ ತಲುಪಿತೋ ಇಲ್ಲವೋ ಅಂತ ಮೇಲಿನವರು ಕೇಳುತ್ತಲೇ ಇರುತ್ತಾರೆ. ಅದೇ ನೀನು ಹಳ್ಳಿಗೆ ಹೋಗಿ ಕಳ್ಳಬಟ್ಟಿ ಹಿಡಿಯಬೇಕು, ಅಕ್ರಮ ಮಾರಾಟ ನಿಲ್ಲಿಸಬೇಕು. ಈ ಎರಡು ಕೆಲಸವೂ ಒಬ್ಬರ ಹೆಗಲ ಮೇಲೇ ಬೀಳುತ್ತವೆ. ಸೇರುವ ಮೊದಲೇ ಇದು ಗೊತ್ತಿರಲಿ. ಸೇರಿದ ಮೇಲೆ ಗೊತ್ತಾದರೆ ಮನಸ್ಸು ಮುರಿಯುತ್ತದೆ.

ಆದರೆ ಅಪ್ಪನಿಗೆ ಇನ್ನೊಂದು ಮಾತೂ ಹೇಳು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಸೇರಿದ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯೇ ಬಂದ್ ಆಯಿತು. ಬಡವರ ಪ್ಯಾಕೆಟ್ ಹೋಯಿತು, ಚಟ ಹೋಗಲಿಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ, ಗಡಿಯಾಚೆ ಕೃಷ್ಣಗಿರಿಯ ಕಡೆ ಮತ್ತೆ ವಿಷದ ಸಾರಾಯಿ ಹರಿಯಿತು. ನೂರಕ್ಕೂ ಹೆಚ್ಚು ಜನ ಹೋದರು. ಆಗ ನಾನು ಆಸ್ಪತ್ರೆಗೆ ಹೇಳಿಕೆ ತೆಗೆದುಕೊಳ್ಳಲು ಹೋಗಿದ್ದೆ. ಒಬ್ಬ ಹೆಂಗಸು ಗಂಡನ ಮುಖದ ಮುಂದೆ ಕೈ ಆಡಿಸುತ್ತಿದ್ದಳು. ಅವನ ಕಣ್ಣು ತೆರೆದೇ ಇತ್ತು. "ಏನಾದ್ರೂ ಕಾಣ್ತದಾ, ಹೇಳು" ಅಂತ ಕೇಳುತ್ತಿದ್ದಳು. "ಬೆಳ್ಳಗೆ ಕಾಣ್ತದೆ, ಅಷ್ಟೇ" ಅಂದ. ಮೆಥನಾಲ್ ಮೊದಲು ಕಣ್ಣನ್ನೇ ತಿನ್ನುತ್ತದೆ. ವಾಸನೆಯಿಂದ, ರುಚಿಯಿಂದ ಕುಡಿಯುವವನಿಗೆ ಅದು ಗೊತ್ತಾಗುವುದಿಲ್ಲ. ಕುಡಿಯುವುದನ್ನು ನಾವು ನಿಲ್ಲಿಸಲು ಆಗುವುದಿಲ್ಲ ಮಗಳೇ. ಆದರೆ ಆ ಕ್ಯಾನ್ ಊರೊಳಗೆ ಬರುವ ಮೊದಲೇ ಹಿಡಿದರೆ ಎಷ್ಟು ಮನೆ ಉಳಿಯುತ್ತವೆ ನೋಡು.

ಇನ್ನು ಕೆಲಸ. ದಿನದ ಹೆಚ್ಚಿನ ಹೊತ್ತು ಸಿಎಲ್-2 ವೈನ್ ಶಾಪ್, ಸಿಎಲ್-9 ಬಾರ್, ಸಿಎಲ್-7 ಲಾಡ್ಜ್‌ಗಳ (ಸಿಎಲ್ ಅಂದರೆ ಮದ್ಯದ ಲೈಸೆನ್ಸಿನ ಬಗೆ) ತಪಾಸಣೆಗೇ ಹೋಗುತ್ತದೆ. ಸ್ಟಾಕ್ ಪುಸ್ತಕಕ್ಕೂ ಕಪಾಟಿನಲ್ಲಿ ಇರುವುದಕ್ಕೂ ತಾಳೆ ಇದೆಯಾ, ವೈನ್ ಶಾಪಿನವನು ಅಲ್ಲೇ ನಿಲ್ಲಿಸಿ ಕುಡಿಸುತ್ತಿದ್ದಾನಾ, ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳುತ್ತಿದ್ದಾನಾ, ಮುಚ್ಚಳದ ಮೇಲಿನ ಅಬಕಾರಿ ಚೀಟಿ ಅಸಲಿಯಾ, ಇಂಥವು. ಉಳಿದ ಹೊತ್ತು ರೇಡ್.

ನಾನು ಮುಖ್ಯವಾಗಿ ಹೇಳಬೇಕಾದದ್ದು ಬೇರೆ. ಈ ಕೆಲಸದಲ್ಲಿ ಲಾಠಿಗಿಂತ ಪೆನ್ನು ದೊಡ್ಡದು. ಇದನ್ನು ಕಲಿಯಲು ನಾನು ಒಂದು ಒಳ್ಳೆಯ ಕೇಸು ಕಳೆದುಕೊಳ್ಳಬೇಕಾಯಿತು.

ಸೇವೆಗೆ ಸೇರಿ ಎರಡನೇ ವರ್ಷ. ರಾತ್ರಿ ಎಂಟೂವರೆಗೆ ಬಾತ್ಮಿ ಬಂತು. ಒಂದು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಮಾಲು ಇಟ್ಟಿದ್ದಾರೆ ಅಂತ. ಜೀಪು ಹತ್ತಿದೆವು. ಹೋದೆವು, ಹಿಡಿದೆವು. 14 ಪೆಟ್ಟಿಗೆ. ಪೆಟ್ಟಿಗೆಗೆ 8.640 ಲೀಟರ್, ಒಟ್ಟು 120.960 ಲೀಟರ್. ಈ 8.640 ಅನ್ನುವ ಸಂಖ್ಯೆ ನಿನಗೂ ಬಾಯಿಪಾಠ ಆಗುತ್ತದೆ. 180 ಎಂಎಲ್‌ನ 48 ಇಟ್ಟರೂ ಅಷ್ಟೇ, 90 ಎಂಎಲ್‌ನ 96 ಇಟ್ಟರೂ ಅಷ್ಟೇ. ಲಾಟೀನು ಬೆಳಕಿನಲ್ಲಿ ಮಹಜರು ಬರೆದೆ. ಪಂಚರ, ಅಂದರೆ ಸ್ಥಳದ ಸಾಕ್ಷಿಗಳ, ಸಹಿ ಹಾಕಿಸಿದೆ. ಸ್ಯಾಂಪಲ್ ತೆಗೆದು ಬಟ್ಟೆ ಸುತ್ತಿ ಅರಗು ಹಾಕಿ ಸೀಲ್ ಮಾಡಿದೆ. ಎಲ್ಲ ಸರಿಯಾಗಿದೆ ಅಂದುಕೊಂಡೆ.

ನಾಲ್ಕು ವರ್ಷ ಆದ ಮೇಲೆ ಸಾಕ್ಷಿ ಹೇಳಲು ಕರೆದರು. ಆರೋಪಿಯ ವಕೀಲರು ಕೇಳಿದ್ದು ಒಂದೇ ಪ್ರಶ್ನೆ. "ವಾರಂಟ್ ಇಲ್ಲದೆ ಮನೆ ಹೊಕ್ಕಿದ್ದೀರಿ. ಹೊಗುವ ಮೊದಲು ಕಾರಣ ಎಲ್ಲಿ ಬರೆದಿಟ್ಟಿದ್ದೀರಿ?" ಕರ್ನಾಟಕ ಅಬಕಾರಿ ಕಾಯ್ದೆ 1965ರ 54ನೇ ಕಲಂ ಕೇಳುವುದು ಅದನ್ನೇ. ವಾರಂಟ್ ತರುವಷ್ಟರಲ್ಲಿ ಆರೋಪಿ ತಪ್ಪಿಸಿಕೊಳ್ಳುತ್ತಾನೆ, ಮಾಲು ಸಾಗಿಸುತ್ತಾನೆ ಅನ್ನಿಸಿದರೆ ಹಾಗೇ ಹೋಗಬಹುದು. ಆದರೆ ನಿನ್ನ ನಂಬಿಕೆಗೆ ಕಾರಣ ಏನು ಅಂತ ಮೊದಲು ಬರೆಯಬೇಕು. ಆಮೇಲೆ ಬಾಗಿಲು ತಟ್ಟಬೇಕು. 1979ರಲ್ಲೇ ನಮ್ಮ ರಾಜ್ಯದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದೇ ಕಾರಣಕ್ಕೆ ಶಿಕ್ಷೆ ರದ್ದು ಮಾಡಿತ್ತು. ನಾನು ಬರೆದಿರಲಿಲ್ಲ. ಅವನು ನನ್ನ ಕಣ್ಣೆದುರೇ ಕೋರ್ಟಿನ ಮೆಟ್ಟಿಲು ಇಳಿದು ಮನೆಗೆ ಹೋದ.

ಅವತ್ತಿನಿಂದ ನಿವೃತ್ತಿಯವರೆಗೂ ಒಂದು ರೂಢಿ ಇಟ್ಟುಕೊಂಡೆ. ಬಾತ್ಮಿ ಬಂದ ತಕ್ಷಣ ಗಡಿಯಾರ ನೋಡಿ ಸಮಯ ಬರೆಯುವುದು. ಏನು ಮಾಹಿತಿ, ಯಾವ ಜಾಗ, ವಾರಂಟಿಗೆ ಕಾದರೆ ಏನಾಗುತ್ತದೆ, ಇಷ್ಟು. ಅರ್ಧ ಪುಟ ಸಾಕು. ಸಹಿ ಹಾಕಿದ ಮೇಲೇ ಜೀಪು ಸ್ಟಾರ್ಟ್. ಜೊತೆಗಿದ್ದವರು "ಸಾರ್, ಲೇಟಾಗ್ತದೆ" ಅನ್ನುತ್ತಿದ್ದರು. ಆ ಐದು ನಿಮಿಷ ಬಿಟ್ಟುಕೊಡಬೇಡ.

ಅಬಕಾರಿ ಉಪ ನಿರೀಕ್ಷಕಿ, ಏಳು ವರ್ಷದಿಂದ

ತಂಗಿ, ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನು (ಬಿಎನ್‌ಎಸ್‌ಎಸ್) ಬಂದ ಮೇಲೆ ಶೋಧನೆ, ಜಪ್ತಿ ಎಲ್ಲವನ್ನೂ ವಿಡಿಯೊ ಮಾಡಬೇಕು. ಬರವಣಿಗೆಯ ಜೊತೆ ಇದೂ ಸೇರಿತು. ಫೋನ್ ಚಾರ್ಜ್ ಇಲ್ಲದೆ ಹೊರಡಬೇಡ. ಪವರ್ ಬ್ಯಾಂಕ್ ಕೂಡ ಇಟ್ಟುಕೊ.

ಹೆಣ್ಣುಮಕ್ಕಳಿಗೆ ಆಗುತ್ತದಾ ಅಂತ ಕೇಳಿದೆ. ನಾವಿಲ್ಲದಿದ್ದರೆ ಎಷ್ಟೋ ರೇಡ್ ಆಗುವುದೇ ಇಲ್ಲ. ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ದಸ್ತಗಿರಿ ಮಾಡುವ ಹಾಗಿಲ್ಲ. ತೀರಾ ಅನಿವಾರ್ಯ ಅಂದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಾಡಬೇಕು. ಹಳ್ಳಿಗಳಲ್ಲಿ ಮದ್ಯದ ಟೆಟ್ರಾ ಪ್ಯಾಕ್ ಮಾರುವವರಲ್ಲಿ ಹೆಂಗಸರು ತುಂಬಾ ಜನ ಇದ್ದಾರೆ.

ನನಗೆ ಕಷ್ಟ ಆಗುವುದು ಅದೇ. ಒಮ್ಮೆ ಒಂದು ಗೂಡಂಗಡಿಗೆ ಹೋಗಿದ್ದೆವು. ಮುಂದೆ ಚಿಪ್ಸ್, ಬೀಡಿ, ಶಾಂಪೂ ಸರ. ಒಳಗೆ ಅಕ್ಕಿ ಡ್ರಮ್ಮು. ಕೈ ಹಾಕಿದೆ. ಮೊಣಕೈವರೆಗೂ ಅಕ್ಕಿ. ಬೆರಳಿಗೆ ಪ್ಯಾಕ್‌ನ ಮೂಲೆ ತಾಗಿತು. ಒಂದೊಂದೇ ಎತ್ತಿ ಎಣಿಸಿದರೆ 31. ಆಕೆ ನನ್ನ ವಯಸ್ಸಿನವಳು. ಗಂಡ ಕುಡಿದೇ ಸತ್ತಿದ್ದ. "ಅಕ್ಕಾ, ಇದರಲ್ಲೇ ಮಗು ಸ್ಕೂಲ್ ಫೀಸ್ ಕಟ್ಟೋದು" ಅಂದಳು. ಕೇಸು ಹಾಕಿದೆ, ಹಾಕಲೇಬೇಕು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಮರುವಾರ ಅದೇ ಊರಿನ ಸ್ವಸಹಾಯ ಸಂಘದವರು ಬಂದು ಕೈ ಹಿಡಿದುಕೊಂಡರು. "ಮೇಡಂ, ಒಂದು ವಾರ ನಮ್ಮನೆಯವರು ಸಂಬಳ ಮನೆಗೆ ತಂದ್ರು" ಅಂದರು. ಎರಡೂ ನಿಜ. ಎರಡನ್ನೂ ಹೊತ್ತುಕೊಂಡೇ ಕೆಲಸ ಮಾಡುತ್ತಿದ್ದೇನೆ.

2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದರು. ಅವರ ದೊಡ್ಡ ದೂರು ಇದೇ ಅಕ್ರಮ ಮಾರಾಟ. ಅಂಥ ಊರುಗಳಲ್ಲಿ ಹೆಂಗಸರು ಬಾಯಿ ಬಿಟ್ಟು ಮಾಹಿತಿ ಕೊಡುವುದು ಹೆಣ್ಣು ಅಧಿಕಾರಿಗೇ. ನನ್ನ ಮುಕ್ಕಾಲು ಬಾತ್ಮಿ ಬರುವುದು ನೀರಿನ ಟ್ಯಾಂಕ್ ಹತ್ತಿರ ಸಿಗುವ ಹೆಂಗಸರಿಂದ.

ಅಮ್ಮನಿಗೆ ಹೇಳು, ರಾತ್ರಿ ಒಬ್ಬಳನ್ನೇ ಯಾರೂ ಕಳಿಸುವುದಿಲ್ಲ. ಚುನಾವಣೆ ಸಮಯ ಮಾತ್ರ ಮನೆ ಮರೆತುಬಿಡಬೇಕು. ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಮದ್ಯ ಬಂದ್. ಆ 48 ಗಂಟೆ ನಮಗೆ ನಿದ್ದೆಯೂ ಬಂದ್. ಮೊದಲನೇ ಚುನಾವಣೆಯಲ್ಲಿ ನನ್ನ ಮಗುವಿಗೆ ಒಂಬತ್ತು ತಿಂಗಳು. ಅತ್ತೆ ನೋಡಿಕೊಂಡರು. ಅವರಿಲ್ಲದಿದ್ದರೆ ನನ್ನಿಂದ ಆಗುತ್ತಿರಲಿಲ್ಲ.

ಗಾಂಜಾ ಕೇಸುಗಳೂ ನಮಗೆ ಬರುತ್ತವೆ. ಬೆಳೆಯ ಸಾಲಿನ ಮಧ್ಯೆ ಗಿಡ ಬೆಳೆಸಿರುತ್ತಾರೆ. ಅದಕ್ಕೆ 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆ. ಅದರ ನಿಯಮ ಇನ್ನೂ ಬಿಗಿ. ಟ್ರೈನಿಂಗ್‌ನಲ್ಲಿ ಆ ಪಾಠಕ್ಕೆ ನಿದ್ದೆ ಮಾಡಬೇಡ.

ಅಬಕಾರಿ ರಕ್ಷಕ, ಉತ್ತರ ಕನ್ನಡದ ಗಡಿ

ಮೇಡಂ, ಚೆಕ್‌ಪೋಸ್ಟ್ ಬಗ್ಗೆ ಯಾರೂ ಹೇಳಲಿಲ್ಲ. ಗೋವಾದಲ್ಲಿ ತೆರಿಗೆ ಕಡಿಮೆ, ಅದಕ್ಕೇ ಮಾಲು ಈ ಕಡೆ ಬರುತ್ತದೆ. ಕಾರವಾರದ ಹತ್ತಿರ ಮಾಜಾಳಿ, ಘಟ್ಟದ ಮೇಲೆ ಅನಮೋಡ, ಈ ದಾರಿಗಳಲ್ಲಿ ಹಗಲು ರಾತ್ರಿ ವಾಹನ ನೋಡಬೇಕು. ಪ್ರವಾಸಿಗರು "ಎರಡೇ ಬಾಟಲಿ ಅಲ್ವಾ ಸಾರ್" ಅನ್ನುತ್ತಾರೆ. ಬಾಟಲಿ ಮೇಲೇ 'ಗೋವಾದಲ್ಲಿ ಮಾತ್ರ ಮಾರಾಟಕ್ಕೆ' ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಅದನ್ನು ತೋರಿಸಿ ಸಮಾಧಾನವಾಗಿ ಹೇಳಿದರೆ ಹತ್ತರಲ್ಲಿ ಒಂಬತ್ತು ಜನ ಒಪ್ಪುತ್ತಾರೆ.

ದೊಡ್ಡ ಮಾಲು ಹೀಗೆ ಸಿಗುವುದಿಲ್ಲ. ಮೀನಿನ ಗಾಡಿಯಲ್ಲಿ ಐಸ್ ಕೆಳಗೆ, ಲಾರಿಯ ತಳದಲ್ಲಿ ಬೆಸುಗೆ ಹಾಕಿದ ಕಳ್ಳ ಪೆಟ್ಟಿಗೆಯಲ್ಲಿ ಬರುತ್ತದೆ. ಒಳಗಿನಿಂದ ಅಳೆದ ಉದ್ದಕ್ಕೂ ಹೊರಗಿನಿಂದ ಅಳೆದ ಉದ್ದಕ್ಕೂ ಒಂದೂವರೆ ಅಡಿ ವ್ಯತ್ಯಾಸ ಬಂತು ಅಂದರೆ ಅಲ್ಲಿ ಗೋಡೆ ಇದೆ ಅಂತ ಲೆಕ್ಕ. ನಾನು ಜೇಬಿನಲ್ಲಿ ಟೇಪು ಇಟ್ಟುಕೊಂಡೇ ಇರುತ್ತೇನೆ. ಕೊಂಕಣಿ, ಮರಾಠಿ ನಾಲ್ಕು ಮಾತು ಬಂದರೆ ಅರ್ಧ ಕೆಲಸ ಸಲೀಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಟು ಒಣಗುವುದೇ ಇಲ್ಲ, ಎರಡು ಜೊತೆ ಬೇಕು.

ರಾಯಚೂರು ಕಡೆ ಕೆಲಸ ಮಾಡಿದವರು

ಈ ಭಾಗಕ್ಕೆ ಪೋಸ್ಟಿಂಗ್ ಆದರೆ ಕಲಬೆರಕೆ ಸೇಂದಿ ಬಗ್ಗೆ ತಿಳಿದಿರಿ. ಸಿಎಚ್ ಪೌಡರ್ (ಕ್ಲೋರಲ್ ಹೈಡ್ರೇಟ್, ಮತ್ತು ಬರಿಸುವ ರಾಸಾಯನಿಕ) ನೀರಿಗೆ ಬೆರೆಸಿ ಸೇಂದಿ ಅಂತ ಮಾರುತ್ತಾರೆ. ಈಚಲ ಮರದ ಒಂದು ಹನಿಯೂ ಅದರಲ್ಲಿ ಇರುವುದಿಲ್ಲ. ಅದಕ್ಕೆ ಒಗ್ಗಿದವರಿಗೆ ಒಮ್ಮೆಲೇ ಸಿಗದಿದ್ದರೆ ಕೈಕಾಲು ನಡುಗಿ, ಬಡಬಡಿಸುತ್ತಾರೆ. ಹಾಗಾಗಿ ರೇಡ್ ಮಾಡಿದ ಮೇಲೆ ಆ ಓಣಿಯ ಹತ್ತಿರದ ಆಸ್ಪತ್ರೆಗೂ ಒಂದು ಮಾತು ತಿಳಿಸಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಮೂರು ವರ್ಷ ಮಾಡಿ ಬಿಟ್ಟವನು, ಈಗ ಬೇರೆ ಇಲಾಖೆ

ಮರ್ಯಾದೆಯಿಂದ ಮಾಡಬಹುದಾ ಅಂತ ಕೇಳಿದ್ದೀರಿ. ಮಾಡುವವರು ಇದ್ದಾರೆ, ಮೇಲೆ ಬರೆದವರನ್ನೇ ನೋಡಿ. ನನ್ನಿಂದ ಆಗಲಿಲ್ಲ. ದುಡ್ಡು ಮುಟ್ಟಿದೆ ಅಂತಲ್ಲ. ಮೊದಲ ದೀಪಾವಳಿಗೆ ಒಬ್ಬ ಅಂಗಡಿಯವರು ಸಿಹಿ ಡಬ್ಬ ಕಳಿಸಿದರು. ತೆರೆದರೆ ಕಾಜು ಬರ್ಫಿಯ ಕೆಳಗೆ, ಹಾಳೆಯ ಅಡಿಯಲ್ಲಿ ಕವರ್. ಇಬ್ಬರು ಸಹೋದ್ಯೋಗಿಗಳ ಎದುರೇ ವಾಪಸ್ ಕಳಿಸಿದೆ, ಮೇಲಧಿಕಾರಿಗೆ ಬರೆದು ತಿಳಿಸಿದೆ. ಒಂದು ಸಲ ಬೇಡ ಅನ್ನುವುದು ಸುಲಭ. ಹಬ್ಬ ಹಬ್ಬಕ್ಕೂ, ಲೈಸೆನ್ಸ್ ನವೀಕರಣದ ಸಮಯಕ್ಕೂ, ಮದುವೆ ಕರೆಯೋಲೆಯ ಜೊತೆಗೂ ಬೇಡ ಅನ್ನುತ್ತಲೇ ಇರಬೇಕು. ನನಗೆ ಅದು ಸುಸ್ತು ಹಿಡಿಸಿತು. ಯಾರನ್ನು ಕಂಡರೂ ಅನುಮಾನ, ಅದು ಮನೆಯವರೆಗೂ ಬಂತು.

ಹೆದರಿಸಲು ಹೇಳುತ್ತಿಲ್ಲ. ಲೋಕಾಯುಕ್ತ ಟ್ರ್ಯಾಪ್‌ನಲ್ಲಿ ನೋಟಿಗೆ ಹಚ್ಚಿದ ಪುಡಿ ಕೈಗೆ ತಾಗಿರುತ್ತದೆ, ಕೈ ತೊಳೆಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಒಮ್ಮೆ ಸಾಕ್ಷಿಯಾಗಿ ನಿಂತು ನೋಡಿದ್ದೇನೆ. ಲೋಟದ ಬಣ್ಣ ತಿರುಗುವಾಗ ಆ ಮನುಷ್ಯ ಲೋಟ ನೋಡಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದ. ನೀವು ಗಟ್ಟಿ ಮನಸ್ಸಿನವರಾದರೆ ಸೇರಿ. ನನ್ನ ಹಾಗೆ ಎಲ್ಲವನ್ನೂ ಒಳಗೇ ಇಟ್ಟುಕೊಂಡು ಕೊರಗುವವರಾದರೆ ಎಫ್‌ಡಿಎ ಕೆಲಸವೂ ಗೌರವದ ಕೆಲಸವೇ.

ಕೇಳಿದವಳು

ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಆಸ್ಪತ್ರೆಯ ವಿಷಯ ಬಂದಾಗ "ಇನ್ನೊಂದ್ಸಲ ಓದು" ಅಂದರು. ಇನ್ನೂ ಹೂಂ ಅಂದಿಲ್ಲ. ಎರಡು ಪ್ರಶ್ನೆ ಉಳಿದಿವೆ. ನನ್ನದು ರಸಾಯನಶಾಸ್ತ್ರ, ಅದು ಉಪಯೋಗಕ್ಕೆ ಬರುತ್ತದಾ? ಎಫ್‌ಡಿಎ ಬೇಡ ಅಂತ ಈಗಲೇ ಬರೆದುಕೊಡಬೇಕಾ?

ಡಿಸ್ಟಿಲರಿಯಲ್ಲಿ ಡ್ಯೂಟಿ ಮಾಡಿದ ಅಧಿಕಾರಿ

ರಸಾಯನಶಾಸ್ತ್ರ ಬರುತ್ತದೆ ಅಮ್ಮಾ, ಚೆನ್ನಾಗಿಯೇ ಬರುತ್ತದೆ. ಡಿಸ್ಟಿಲರಿಗಳಲ್ಲಿ ಅಬಕಾರಿ ಅಧಿಕಾರಿಗಳು ಇರುತ್ತಾರೆ. ಕಾಕಂಬಿ (ಸಕ್ಕರೆ ಕಾರ್ಖಾನೆಯ ಮೊಲಾಸಸ್) ಎಷ್ಟು ಬಂತು, ಅದರಿಂದ ಸ್ಪಿರಿಟ್ ಎಷ್ಟಾಯಿತು, ಟ್ಯಾಂಕರ್‌ನಲ್ಲಿ ಎಷ್ಟು ಹೊರಟಿತು, ಎಲ್ಲಕ್ಕೂ ಲೆಕ್ಕ. ಹೈಡ್ರೋಮೀಟರ್ ಇಳಿಬಿಟ್ಟು ಓದುವಾಗ ತಾಪಮಾನವನ್ನೂ ನೋಡಲೇಬೇಕು. ಬಿಸಿಲಿಗೆ ಸ್ಪಿರಿಟ್ ಹಿಗ್ಗುತ್ತದೆ. ಮಧ್ಯಾಹ್ನದ ಅಳತೆ, ಬೆಳಗಿನ ಅಳತೆ ಒಂದೇ ಬರುವುದಿಲ್ಲ. ಇದು ಗೊತ್ತಿಲ್ಲದವರನ್ನು ಲೆಕ್ಕದಲ್ಲಿ ಸುಲಭವಾಗಿ ಯಾಮಾರಿಸಬಹುದು. ನಿಮ್ಮನ್ನು ಆಗುವುದಿಲ್ಲ.

ನಿವೃತ್ತ ಅಬಕಾರಿ ನಿರೀಕ್ಷಕ

ಬರೆದುಕೊಡಬೇಡ ಮಗಳೇ. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಕೆಲಸ ಕೈಗೆ ಬಂದ ಹಾಗಲ್ಲ. ಜಾತಿ ಸಿಂಧುತ್ವ ಪ್ರಮಾಣಪತ್ರ, ಪೊಲೀಸ್ ಪರಿಶೀಲನೆ, ವೈದ್ಯಕೀಯ ಪರೀಕ್ಷೆ ಎಲ್ಲ ಮುಗಿದು ನೇಮಕಾತಿ ಆದೇಶ ಕೈಗೆ ಬರಲಿ. ಅಲ್ಲಿಯವರೆಗೆ ಎರಡೂ ಇರಲಿ. ಅಪ್ಪನಿಗೂ ಅಷ್ಟು ದಿನ ಯೋಚಿಸಲು ಸಮಯ ಸಿಗುತ್ತದೆ. ಅವರು ಮಾತಾಡಬೇಕು ಅಂದರೆ ನಾನು ಮಾತಾಡುತ್ತೇನೆ, ಸಂಕೋಚ ಬೇಡ ಅಂತ ಹೇಳು.